ಲಾವಣಿಯ ಲಾರಿ, ಪಾಲಿನ ಲಾರಿ

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ತಿಂಗಳು ತುಂಬುವ ಮೊದಲೇ, ಆಗಸ್ಟ್ 26ರಂದು, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಳೂ ನಿಂತವು. ಕಾಡು, ಕೆರೆ, ಹೊಲಗಳು ಉಳಿಯಬೇಕಾದರೆ ಆ ಆದೇಶ ಬರಲೇಬೇಕಿತ್ತು. ಅದರ ಬಿಸಿ ಮಾತ್ರ ಸಂಡೂರು, ಹೊಸಪೇಟೆ ಸುತ್ತಿನ ಊರುಗಳಲ್ಲಿ ಒಂದೋ ಎರಡೋ ಲಾರಿ ಇಟ್ಟುಕೊಂಡಿದ್ದ ಮನೆಗಳಿಗೆ ನೇರವಾಗಿ ತಟ್ಟಿತು. ಚೀನಾದ ಬೇಡಿಕೆಯಿಂದ ಅದಿರಿಗೆ ಚಿನ್ನದ ಬೆಲೆ ಬಂದಿದ್ದ ವರ್ಷಗಳಲ್ಲಿ ಹೊಲ ಅಡವಿಟ್ಟವರು, ಮನೆಯ ಒಡವೆ ಮಾರಿದವರು, ಹತ್ತಾರು ವರ್ಷ ಬೇರೆಯವರ ಲಾರಿ ಓಡಿಸಿದ ಚಾಲಕರು ಫೈನಾನ್ಸಿನಲ್ಲಿ ಲಾರಿ ತಂದಿದ್ದರು. ಬೇಲೇಕೇರಿಗೋ ಮಂಗಳೂರಿಗೋ ತಿಂಗಳಿಗೆ ಇಷ್ಟು ಟ್ರಿಪ್ ಹೊಡೆದರೆ ಕಂತು ತಾನಾಗಿ ಹೊರಡುತ್ತದೆ ಎಂಬುದು ಅವರ ಲೆಕ್ಕ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿದಾಗ ಆ ಲೆಕ್ಕ ಅಲುಗಾಡಿತು, ಮರುವರ್ಷ ಕುಸಿದುಬಿತ್ತು. ಲೋಡು ನಿಂತಿತು, ಕಂತು ನಿಲ್ಲಲಿಲ್ಲ. ಫೈನಾನ್ಸಿನವರು ಲಾರಿಗಳನ್ನು ಸೀಜ್ ಮಾಡತೊಡಗಿದರು. ಮಾರಿ ಕೈತೊಳೆದುಕೊಳ್ಳೋಣವೆಂದರೆ ಇಡೀ ಸೀಮೆಯಲ್ಲಿ ಎಲ್ಲರೂ ಮಾರುವವರೇ.

ಸಣ್ಣ ಲಾರಿ ವ್ಯವಹಾರಕ್ಕೆ ಇಳಿಯುವವರ ಮುಂದೆ ಈಗ ಎರಡು ದಾರಿಗಳಿವೆ ಎನ್ನುತ್ತಾರೆ. ಸಾಲ ಮಾಡಿ ಲಾರಿ ಕೊಳ್ಳುವುದು ಒಂದು, ಲೀಸಿಗೆ ಪಡೆಯುವುದು ಇನ್ನೊಂದು. ಈ ಚರ್ಚೆ ಬಹುಪಾಲು ತಿಂಗಳ ಹಣದ ಸುತ್ತಲೇ ಸುತ್ತುತ್ತದೆ: ಕಂತು ಎಷ್ಟು, ಬಾಡಿಗೆ ಎಷ್ಟು, ಯಾವುದು ಕಡಿಮೆ. ಬಳ್ಳಾರಿಯ ಅನುಭವ ಬೇರೆ ಎರಡು ಪ್ರಶ್ನೆಗಳನ್ನು ಮುಂದಿಡುತ್ತದೆ. ಲೋಡು ನಿಂತ ದಿನ ನಷ್ಟ ಯಾರ ಹೆಗಲಿಗೆ? ಹಳೆಯ ಲಾರಿಯ ಬೆಲೆ ಬಿದ್ದ ದಿನ ನಷ್ಟ ಯಾರ ಹೆಗಲಿಗೆ? ಇವಕ್ಕೆ ಉತ್ತರ ಕೊಡದ ಯಾವ ಕರಾರೂ, ಅದರ ಹೆಸರು ಸಾಲವಾಗಲಿ ಲೀಸಾಗಲಿ, ಸಣ್ಣ ಮಾಲೀಕನಿಗೆ ಒಂದೇ.

ಲೀಸ್ ಎಂಬ ಮಾತೇ ನಮ್ಮಲ್ಲಿ ತುಸು ದಾರಿ ತಪ್ಪಿಸುತ್ತದೆ. ಬೆಂಗಳೂರಿನಲ್ಲಿ ಮನೆಯನ್ನು ಲೀಸಿಗೆ ಪಡೆಯುವುದೆಂದರೆ ಭೋಗ್ಯ. ಇಡುಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಮನೆ ಬಿಡುವಾಗ ಗಂಟನ್ನು ವಾಪಸು ಪಡೆಯುವುದು. ಲಾರಿಯ ಲೀಸಿನಲ್ಲಿ ಹಾಗಿಲ್ಲ. ಕೊಟ್ಟ ಬಾಡಿಗೆ ಕೊಟ್ಟದ್ದೇ. ಅದನ್ನು ಅರ್ಥ ಮಾಡಿಕೊಳ್ಳಲು ಹೊಲದ ಮಾತುಗಳೇ ಹೆಚ್ಚು ನೆರವಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಹೊಲವನ್ನು ಲಾವಣಿಗೆ ಹಾಕಿಕೊಂಡವನು ಮಳೆ ಬರಲಿ ಬಾರದಿರಲಿ ವರ್ಷಕ್ಕೆ ಮಾತಾದಷ್ಟು ಹಣ ಕೊಡಬೇಕು. ಪಾಲಿಗೆ, ಅಂದರೆ ಕೋರಿಗೆ, ಮಾಡಿದವನು ಬೆಳೆದದ್ದರಲ್ಲಿ ಪಾಲು ಕೊಡುತ್ತಾನೆ. ಬರಗಾಲದ ವರ್ಷ ಹೊಲದೊಡೆಯನ ಕಣಜವೂ ಬರಿದು. ಲಾರಿಯ ಕಂತು ಒಂದು ಲಾವಣಿ. ತಿಂಗಳಿಗೆ ಇಷ್ಟೆಂದು ಗಟ್ಟಿಯಾಗಿ ಕಟ್ಟಿದ ಲೀಸೂ ಲಾವಣಿಯೇ. ಪಾಲಿನ ಲಾರಿ ಎಂಬುದು ಸಣ್ಣವರ ಪಾಲಿಗೆ ಇನ್ನೂ ಸರಿಯಾಗಿ ಹುಟ್ಟಿಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಅಂಕಿಗಳು ಉದಾಹರಣೆಗಷ್ಟೇ, ಲೆಕ್ಕದ ದಾರಿ ಮುಖ್ಯ. ಲಾರಿಯ ಬೆಲೆ 40 ಲಕ್ಷ ರೂಪಾಯಿ. ಕೈಯಿಂದ 6 ಲಕ್ಷ ಕಟ್ಟಿ, ಉಳಿದ 34 ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ 60 ತಿಂಗಳ ಸಾಲ ತೆಗೆದರೆ ತಿಂಗಳ ಕಂತು ಸುಮಾರು 72,200 ರೂಪಾಯಿ. ಐದು ವರ್ಷಕ್ಕೆ ಕಂತುಗಳ ಮೊತ್ತ 43.3 ಲಕ್ಷ, ಕೈಯಿಂದ ಕೊಟ್ಟದ್ದು ಸೇರಿದರೆ 49.3 ಲಕ್ಷ. ಆಗ ಲಾರಿ 12 ಲಕ್ಷಕ್ಕೆ ಹೋದರೆ ನಿಜವಾದ ಖರ್ಚು 37.3 ಲಕ್ಷ. ಅದೇ ಲಾರಿ ತೆರಿಗೆ ಸೇರಿ ತಿಂಗಳಿಗೆ 75,000 ರೂಪಾಯಿ ಬಾಡಿಗೆಗೆ ಲೀಸಿನಲ್ಲಿ ಸಿಕ್ಕರೆ ಐದು ವರ್ಷಕ್ಕೆ 45 ಲಕ್ಷ, ಕೊನೆಗೆ ಕೈಯಲ್ಲಿ ಏನೂ ಇಲ್ಲ. ಮೇಲ್ನೋಟಕ್ಕೆ ಕೊಂಡವನಿಗೆ 7.7 ಲಕ್ಷ ಲಾಭ. ಮೊದಲೇ ಕಟ್ಟಿದ 6 ಲಕ್ಷಕ್ಕೆ ಐದು ವರ್ಷದ ಅದೇ ಬಡ್ಡಿ ಹಿಡಿದರೆ ಸುಮಾರು 3.9 ಲಕ್ಷ. ಅದನ್ನು ಕಳೆದರೂ ಕೊಂಡವನೇ 3.8 ಲಕ್ಷ ಮುಂದೆ.

ಈಗ ಒಂದೇ ಅಂಕಿಯನ್ನು ಬದಲಿಸಬೇಕು. ಹಳೆಯ ಲಾರಿಗೆ 12 ಲಕ್ಷದ ಬದಲು 6 ಲಕ್ಷ ಬಂತು ಎನ್ನೋಣ. ಲೀಸಿನವನು 2.2 ಲಕ್ಷ ಮುಂದಾಗುತ್ತಾನೆ. ಬಡ್ಡಿ ದರವನ್ನು ಅರ್ಧ ಪರ್ಸೆಂಟ್ ಇಳಿಸಿಕೊಳ್ಳಲು ಹತ್ತು ಸಲ ಶೋರೂಮಿಗೆ ಅಲೆಯುವವರು ಐದು ವರ್ಷದಾಚೆಯ ಬೆಲೆಯ ಬಗ್ಗೆ ಒಮ್ಮೆಯೂ ಯೋಚಿಸದಿರುವುದು ಸಾಮಾನ್ಯ. ಗೆಲುವು ಸೋಲು ತೀರ್ಮಾನವಾಗುವುದು ಆ ಬೆಲೆಯಲ್ಲಿ.

ಆ ಬೆಲೆ ಮಾಲೀಕನ ಕೈಯಲ್ಲಿಲ್ಲ. ಅವನು ಲಾರಿಯನ್ನು ಮಗುವಿನಂತೆ ನೋಡಿಕೊಂಡರೂ ದೆಹಲಿಯ ಒಂದು ಅಧಿಸೂಚನೆ ಅದನ್ನು ಬದಲಿಸಬಲ್ಲದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನು ಏರಿಸಿತು. ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 25 ಟನ್‌ನಿಂದ 28.5 ಟನ್‌ಗೆ ಹೋಯಿತು. ಅಷ್ಟೇ ಸರಕಿಗೆ ಇನ್ನು ಕಡಿಮೆ ಲಾರಿ ಸಾಕು. ಅದರ ಬೆನ್ನಿಗೆ ಆರ್ಥಿಕ ಹಿಂಜರಿತ, 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ, ಆಮೇಲೆ ಕೋವಿಡ್. 2018-19ರಲ್ಲಿ ದೇಶದಲ್ಲಿ 3.9 ಲಕ್ಷದಷ್ಟು ಮಾರಾಟವಾಗಿದ್ದ ಮಧ್ಯಮ ಮತ್ತು ಭಾರಿ ವಾಣಿಜ್ಯ ವಾಹನಗಳು 2020-21ರ ಹೊತ್ತಿಗೆ 1.6 ಲಕ್ಷಕ್ಕೆ ಇಳಿದವು. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಬಂತು. ಕೊಳ್ಳುವವರಿಗೆ ಅದು ಸಂತೋಷದ ಸುದ್ದಿ. ಆದರೆ ತೆರಿಗೆ ಸೇರಿ 40 ಲಕ್ಷವಿದ್ದ ಲಾರಿ ಒಂದೇ ದಿನದಲ್ಲಿ ಸುಮಾರು 3 ಲಕ್ಷ ಅಗ್ಗವಾದರೆ, ಹಿಂದಿನ ತಿಂಗಳು ಸಾಲ ಮಾಡಿ ತಂದವನ ಲಾರಿಯನ್ನು ಹಳೆಯ ಬೆಲೆಗೆ ಯಾರೂ ಮುಟ್ಟುವುದಿಲ್ಲ. ಅವನ ಸಾಲ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಇಷ್ಟಾದರೂ ಲಾರಿಯ ಲೋಕದಲ್ಲಿ ಎಲ್ಲರ ಕನಸು ಸ್ವಂತ ಲಾರಿಯೇ. ಅದನ್ನು ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣೆಯ ತಿದ್ದುಪಡಿ ತಂದಾಗ ಉಳುವವನೇ ಹೊಲದೊಡೆಯ ಎಂಬ ಮಾತು ನಾಡಿನ ನಾಲಿಗೆಯ ಮೇಲೆ ನೆಲೆಗೊಂಡಿತು. ಗೇಣಿದಾರನಾಗಿ ಉಳಿಯುವುದು ಎಂದರೇನೆಂದು ಅಜ್ಜಂದಿರಿಂದ ಕೇಳಿ ಬಲ್ಲವರ ನಾಡಿದು. ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಕೊನೆಗೆ ಮುಂದಿನ ಗಾಜಿನ ಮೇಲೆ ಮಕ್ಕಳ ಹೆಸರು ಬರೆಸಿದ ಲಾರಿಗೆ ಮಾಲೀಕನಾಗುವುದು ಇಲ್ಲಿ ಓದಿಲ್ಲದವನಿಗೂ ತೆರೆದಿದ್ದ ಏಣಿ. ಬ್ಯಾಂಕುಗಳು ತಿರುಗಿಯೂ ನೋಡದ ಕಾಲದಲ್ಲಿ, 1979ರಲ್ಲಿ, ಚೆನ್ನೈಯಲ್ಲಿ ಆರ್. ತ್ಯಾಗರಾಜನ್ ಮತ್ತು ಜೊತೆಗಾರರು ಕಟ್ಟಿದ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಹಳೆಯ ಲಾರಿಗೂ ಸಾಲ ಕೊಟ್ಟು ಬೆಳೆದದ್ದು ಈ ಏಣಿಯನ್ನು ನಂಬಿಯೇ. ಹೊಸ ಲಾರಿಯ ಭಾರ ಹೊರಲಾರದವನಿಗೆ ಆರೇಳು ವರ್ಷ ಓಡಿದ ಲಾರಿ ಇಂದಿಗೂ ಮೂರನೆಯ ದಾರಿ. ಬೆಲೆ ಅಷ್ಟೊತ್ತಿಗೆ ಬಹುಪಾಲು ಇಳಿದಿರುವುದರಿಂದ ಇನ್ನು ಕಳೆದುಕೊಳ್ಳುವುದು ಕಡಿಮೆ. ರಿಪೇರಿಯ ಖರ್ಚು ಮಾತ್ರ ಹೆಚ್ಚು.

ಕೊಳ್ಳುವುದರ ಪರವಾಗಿ ಇರುವ ಅತಿ ದೊಡ್ಡ ವಾದವೂ ಅನುಭವದಿಂದ ಬಂದದ್ದು. ಕಂತು ಮುಗಿದ ಮೇಲಿನ ವರ್ಷಗಳೇ ಲಾಭದ ವರ್ಷಗಳು. ರಾಷ್ಟ್ರೀಯ ಪರ್ಮಿಟ್‌ನಲ್ಲಿ ಸಾಮಾನ್ಯ ಲಾರಿ 12 ವರ್ಷದವರೆಗೆ, ಮಲ್ಟಿ ಆಕ್ಸಲ್ ಲಾರಿ 15 ವರ್ಷದವರೆಗೆ ಓಡಬಹುದು. ಐದು ವರ್ಷಕ್ಕೆ ಸಾಲ ತೀರಿದರೆ ಮುಂದಿನ ಏಳರಿಂದ ಹತ್ತು ವರ್ಷ ಡೀಸೆಲ್, ಟೈರು, ಎಫ್‌ಸಿ, ಇನ್ಶೂರೆನ್ಸ್, ಡ್ರೈವರ್ ಸಂಬಳ ಕಳೆದು ಉಳಿದದ್ದೆಲ್ಲ ಮನೆಗೆ. ವಿಜಯ ಸಂಕೇಶ್ವರ ಅವರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವ್ಯವಹಾರ ಹುಬ್ಬಳ್ಳಿಗೆ ಬಂದು, ವಿಆರ್‌ಎಲ್ ಆಗಿ ಬೆಳೆದು, 2015ರಲ್ಲಿ ಷೇರುಪೇಟೆಗೆ ಕಾಲಿಟ್ಟಿತು. ಅದು ಸ್ವಂತ ಲಾರಿಗಳ ಮೇಲೆ ನಿಂತ ಸಂಸ್ಥೆ. ಹುಬ್ಬಳ್ಳಿ ಹತ್ತಿರದ ವರೂರಿನಲ್ಲಿ ಅದಕ್ಕೆ ತನ್ನದೇ ವರ್ಕ್‌ಶಾಪ್ ಇದೆ, ಲಾರಿಯ ಬಾಡಿ ಕೂಡ ಅಲ್ಲೇ ಕಟ್ಟಿಕೊಳ್ಳುತ್ತದೆ.

ಆ ಉದಾಹರಣೆಯನ್ನು ಪೂರ್ತಿಯಾಗಿ ನೋಡಬೇಕು. ಒಂದು ಊರಿನ ಲೋಡು ಕಡಿಮೆಯಾದರೆ ಅಂಥ ಸಂಸ್ಥೆ ಲಾರಿಯನ್ನು ಇನ್ನೊಂದು ಊರಿಗೆ ಕಳಿಸುತ್ತದೆ. ನೂರಾರು ಊರುಗಳ ಸಾವಿರಾರು ಗಿರಾಕಿಗಳ ಪಾರ್ಸೆಲ್ಲು ಒಟ್ಟುಗೂಡಿ ಲೋಡಾಗುವುದರಿಂದ ಯಾವೊಬ್ಬ ಗಿರಾಕಿ ಕೈಬಿಟ್ಟರೂ ಗಾಲಿ ನಿಲ್ಲುವುದಿಲ್ಲ. ಹಳೆಯ ಲಾರಿಯನ್ನು ಸ್ವಂತ ಮೆಕ್ಯಾನಿಕ್‌ಗಳು ಓಡುವಂತೆ ಇಡುತ್ತಾರೆ. ಮಾಲೀಕತ್ವ ಅಲ್ಲಿ ಫಲ ಕೊಟ್ಟದ್ದು ಈ ಮೂರು ಆಸರೆಗಳ ಮೇಲೆ. ಸಂಡೂರಿನ ಒಂಟಿ ಲಾರಿಯವನಿಗೆ ಒಂದೇ ಸರಕು, ಒಂದೇ ದಾರಿ, ಒಂದೇ ಬಗೆಯ ಗಿರಾಕಿ. ಅವನೂ ಮಾಲೀಕನೇ, ಆಸರೆ ಮಾತ್ರ ಒಂದೂ ಇರಲಿಲ್ಲ.

ಹಾಗಿದ್ದರೆ ಅಂಥವನಿಗೆ ಲೀಸ್ ವಾಸಿಯೇ? ಈಗ ಸಿಗುವ ಬಗೆಯ ಲೀಸಾದರೆ, ಬಹಳ ಸಲ ಇಲ್ಲ.

ಮೊದಲ ಕಾರಣ ಕರಾರಿನಲ್ಲಿದೆ. ಅವಧಿ ಮುಗಿಯುವ ಮುನ್ನ ಲಾರಿ ವಾಪಸು ಕೊಡುವಂತಿಲ್ಲ, ಕೊಟ್ಟರೂ ಉಳಿದ ಬಾಡಿಗೆಯ ದೊಡ್ಡ ಭಾಗ ಕಟ್ಟಬೇಕು ಎಂದು ಬರೆದಿದ್ದರೆ ಅದು ಸಾಲದ ತಮ್ಮನೇ. ಮೇಲಿನ ಲೆಕ್ಕದ ಲಾರಿ ನಾಲ್ಕು ತಿಂಗಳು ನಿಂತರೆ ಕೊಂಡವನು 2.9 ಲಕ್ಷ ಕಂತು ಕಟ್ಟುತ್ತಾನೆ, ಲೀಸಿನವನು 3 ಲಕ್ಷ ಬಾಡಿಗೆ. ನಾಲ್ಕು ವರ್ಷ ಕಂತು ಕಟ್ಟಿದವನಿಗೆ ಲಾರಿ ಮಾರಿ ಸಾಲ ತೀರಿಸಿಯೂ ಒಂದಿಷ್ಟು ಉಳಿಯುವ ಸಾಧ್ಯತೆಯಿದೆ. ನಾಲ್ಕು ವರ್ಷ ಬಾಡಿಗೆ ಕಟ್ಟಿದವನು ಬರಿಗೈಲಿ ಇಳಿಯುತ್ತಾನೆ.

ಎರಡನೆಯ ಕಾರಣ ಕಾನೂನಿನಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೀಸ್ ಕರಾರಿನಲ್ಲಿರುವ ಲಾರಿಗೆ ಅದನ್ನು ವಶದಲ್ಲಿಟ್ಟುಕೊಂಡವನೇ ಮಾಲೀಕ. ಅಪಘಾತವಾದರೆ ಹೊಣೆ ಅವನ ಬಾಗಿಲಿಗೆ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆ ಬೇರೆ ಮಾತಾಡಿತು. ಹತ್ತಕ್ಕಿಂತ ಹೆಚ್ಚು ಲಾರಿ ಇಲ್ಲದವರು ಲೆಕ್ಕಪತ್ರ ಇಡದೆಯೇ, ತೂಕದ ಆಧಾರದ ಮೇಲೆ ಅಂದಾಜು ಆದಾಯ ತೋರಿಸಿ ತೆರಿಗೆ ಕಟ್ಟಲು ಅದರ 44ಎಇ ಕಲಂ ಅವಕಾಶ ಕೊಟ್ಟಿತು. 12 ಟನ್‌ಗೆ ಮೀರಿದ ಲಾರಿಗೆ ಟನ್ನಿಗೆ ತಿಂಗಳಿಗೆ 1,000 ರೂಪಾಯಿ. 28 ಟನ್ನಿನ ಲಾರಿಗೆ ವರ್ಷಕ್ಕೆ 3.36 ಲಕ್ಷ ಆದಾಯವೆಂದು ತೋರಿಸಿದರೆ ಆಯಿತು, ಡೀಸೆಲ್ ಬಿಲ್ಲುಗಳ ಕಂತೆ ಬೇಡ. ಕಂತಿನಲ್ಲಿ ತಂದು ಇನ್ನೂ ಸಾಲ ತೀರಿಸದವನನ್ನೂ ಆ ಕಲಂ ಮಾಲೀಕನೆಂದೇ ಎಣಿಸಿತು. ಲೀಸಿನವನ ಹೆಸರನ್ನು ಅಲ್ಲಿ ಬರೆದಿರಲಿಲ್ಲ. ರಸ್ತೆಯ ಮೇಲೆ ಹೊಣೆ ಹೊರುವಾಗ ಮಾಲೀಕ, ತೆರಿಗೆಯ ಸೌಲಭ್ಯ ಕೇಳುವಾಗ ಬಾಡಿಗೆದಾರ. ಜಿಎಸ್‌ಟಿಯೂ ಹೀಗೆಯೇ. ಸಣ್ಣ ಮಾಲೀಕನ ಸಾಗಣೆ ಸೇವೆಗೆ ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇರುವುದರಿಂದ, ಲೀಸ್ ಬಾಡಿಗೆಯ ಮೇಲೆ ಅವನು ಕಟ್ಟಿದ ಜಿಎಸ್‌ಟಿಯನ್ನು ಎಲ್ಲಿಯೂ ಹೊಂದಿಸಿಕೊಳ್ಳಲಾಗದು. ದೊಡ್ಡ ಕಂಪನಿಗಳಿಗೆ ಆ ದಾರಿ ತೆರೆದಿದೆ.

ಕಂತಿನವನಿಗೂ ಕಾನೂನಿನ ಕಾವಲು ಬಲವಾಗಿಲ್ಲ ಎಂಬುದನ್ನು ಹೇಳಲೇಬೇಕು. ಬೆಲೆಯ ನಿಗದಿತ ಪಾಲು ಕಟ್ಟಿದ ಮೇಲೆ ಕೋರ್ಟಿಗೆ ಹೋಗದೆ ವಾಹನ ಎಳೆದೊಯ್ಯಬಾರದೆಂಬ ಉದ್ದೇಶದ ಹೈರ್ ಪರ್ಚೇಸ್ ಕಾಯ್ದೆ 1972ರಲ್ಲಿ ಅಂಗೀಕಾರವಾಗಿ, ಒಂದು ದಿನವೂ ಜಾರಿಗೆ ಬಾರದೆ 2005ರಲ್ಲಿ ರದ್ದಾಯಿತು. ಸಾಲ ವಸೂಲಿಗೆ ಗೂಂಡಾಗಳನ್ನು ಬಿಡಬಾರದೆಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಲೀಸಿನ ಕರಾರುಗಳು ಇನ್ನೂ ಹೊಸವು. ಅವುಗಳ ಮೇಲೆ ಕಣ್ಣಿಡುವ ಕೆಲಸ ಶುರುವಾಗಬೇಕಷ್ಟೆ.

ಕಣ್ಣಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವಿದೆ. ಅಲ್ಲಿನ ಲಾಸ್ ಏಂಜಲೀಸ್ ಸುತ್ತಿನ ಬಂದರುಗಳಲ್ಲಿ ಹೊಗೆ ತಗ್ಗಿಸಲು 2008ರಿಂದ ಹಳೆಯ ಟ್ರಕ್ಕುಗಳನ್ನು ಹೊರಹಾಕತೊಡಗಿದಾಗ, ಹೊಸದನ್ನು ಕೊಳ್ಳಲಾರದ ಚಾಲಕರಿಗೆ ಕಂಪನಿಗಳೇ ಲೀಸ್ ಕರಾರು ಮುಂದಿಟ್ಟವು. ಬಾಡಿಗೆ ಕಟ್ಟುತ್ತಾ ಹೋದರೆ ಕೊನೆಗೆ ಟ್ರಕ್ಕು ನಿಮ್ಮದೇ ಎಂಬ ಮಾತು. ಬಾಡಿಗೆ ವಾರದ ಸಂಪಾದನೆಯಲ್ಲಿ ಮುರಿದುಹೋಗುತ್ತಿತ್ತು; ಕೆಲವು ವಾರ ಕೈಗೆ ಏನೂ ಬಾರದೆ ಉಲ್ಟಾ ಬಾಕಿ ಉಳಿಯುತ್ತಿತ್ತು. ಕಾಯಿಲೆ ಬಿದ್ದವನು, ಕೆಲಸ ಬಿಟ್ಟವನು ಟ್ರಕ್ಕನ್ನೂ ಅದುವರೆಗೆ ಕಟ್ಟಿದ್ದನ್ನೂ ಕಳೆದುಕೊಂಡ. 2017ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ಇದನ್ನು ವಿವರವಾಗಿ ಬಯಲಿಗೆಳೆಯಿತು. 2021ರ ಕಾಯ್ದೆಯೊಂದರ ಮೂಲಕ ಟ್ರಕ್ ಲೀಸಿನ ಅಧ್ಯಯನಕ್ಕೆ ಕಾರ್ಯಪಡೆ ರಚನೆಯಾಯಿತು; 2025ರ ಜನವರಿಯಲ್ಲಿ ಅದು ಇಂಥ ಲೀಸ್-ಖರೀದಿ ಯೋಜನೆಗಳನ್ನು ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಅಲ್ಲಿ ಕೆಡುಕಿನ ಬೇರು ಒಂದೇ ಕಡೆ ಇತ್ತು. ಲಾರಿ ಕೊಡುವ ಕೈ, ಲೋಡು ಕೊಡುವ ಕೈ ಎರಡೂ ಒಂದೇ. ಬಾಡಿಗೆ ತೆಗೆದುಕೊಳ್ಳುವವನೇ ದುಡಿಮೆಯ ನಲ್ಲಿಯನ್ನೂ ತಿರುಗಿಸಬಲ್ಲವನಾದರೆ ಮಾತುಕತೆಗೆ ಜಾಗವೇ ಉಳಿಯುವುದಿಲ್ಲ.

ಲೀಸಿಗೆ ನ್ಯಾಯವಾದ ಜಾಗಗಳೂ ಇವೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಆವಕ ಏರುವ ತಿಂಗಳುಗಳು, ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳು ವರ್ಷಕ್ಕೊಮ್ಮೆ ಬಂದು ಹೋಗುತ್ತವೆ. ಎರಡು ಲಾರಿ ಇರುವವನಿಗೆ ಆಗ ಮೂರನೆಯದೂ ಬೇಕು. ನಾಲ್ಕೈದು ತಿಂಗಳ ಕೆಲಸಕ್ಕೆ ಐದು ವರ್ಷದ ಸಾಲ ಹೊರುವುದಕ್ಕಿಂತ ಸೀಜನ್ನಿಗೆ ಮಾತ್ರ ಬಾಡಿಗೆಗೆ ಪಡೆಯುವುದು ಸರಿ. ಕಾರ್ಖಾನೆಯೊಂದು ಮೂರು ವರ್ಷದ ಸಾಗಣೆ ಗುತ್ತಿಗೆ ಕೊಟ್ಟರೆ ಲಾರಿಯ ಲೀಸೂ ಮೂರೇ ವರ್ಷದ್ದಾಗಿರಲಿ. ಗುತ್ತಿಗೆ ಮುಗಿದ ದಿನ ಲಾರಿಯ ಭಾರವೂ ಇಳಿಯುತ್ತದೆ.

ವಿದ್ಯುತ್ ಲಾರಿಯಂತೂ ಲೀಸಿಗೇ ಹೇಳಿ ಮಾಡಿಸಿದ್ದು. ಡೀಸೆಲ್ ಲಾರಿಗಿಂತ ಅದರ ಬೆಲೆ ಬಹಳ ಹೆಚ್ಚು. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಕೇಂದ್ರ ಸರ್ಕಾರ 2025ರಲ್ಲಿ ಸುಮಾರು 5,600 ವಿದ್ಯುತ್ ಲಾರಿಗಳಿಗೆ ತಲಾ 9.6 ಲಕ್ಷ ರೂಪಾಯಿವರೆಗೆ ನೆರವು ಘೋಷಿಸಿದರೂ ಉಳಿದ ಬೆಲೆ ಸಣ್ಣವನ ಕೈಗೆ ಎಟಕುವುದಿಲ್ಲ. ಎಂಟು ವರ್ಷದ ನಂತರ ಅದರ ಬ್ಯಾಟರಿಗೆ ಏನು ಬೆಲೆ ಬರುತ್ತದೆ ಎಂದು ಯಾವ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯೂ ಇನ್ನೂ ಹೇಳಲಾರದು. ಆ ಗೊತ್ತಿಲ್ಲದ ಬೆಲೆಯ ಮೇಲೆ ಪಣ ಕಟ್ಟುವ ಕೆಲಸ ತಯಾರಕರದ್ದು, ದೊಡ್ಡ ಹಣಕಾಸು ಸಂಸ್ಥೆಗಳದ್ದು. ಒಂಟಿ ಲಾರಿಯ ಸಂಸಾರ ಅದನ್ನು ಹೊರಬಾರದು.

ಆದ್ದರಿಂದ ವರ್ಷವಿಡೀ ಲೋಡು ಖಚಿತವಿದ್ದು, ಗಿರಾಕಿಗಳು ಒಬ್ಬರಿಗಿಂತ ಹೆಚ್ಚಿದ್ದು, ರಿಟರ್ನ್ ಲೋಡಿಗೂ ದಾರಿಯಿದ್ದರೆ ಕೊಳ್ಳುವುದೇ ಲೇಸು. ಅಂಥವನು ಬೇಡದ ಭದ್ರತೆಗೆ ಹೆಚ್ಚಿನ ಬಾಡಿಗೆ ತೆರಬೇಕಿಲ್ಲ. ಉಳಿದವರಿಗೆ ಬೇಕಾಗಿರುವುದು ಪಾಲಿನ ಲೀಸ್. ತಿಂಗಳಿಗೆ ಒಂದು ಸಣ್ಣ ಕನಿಷ್ಠ ಮೊತ್ತ, ಅದರ ಮೇಲೆ ಓಡಿದ ಕಿಲೋಮೀಟರಿಗೆ ಇಷ್ಟೆಂದು ಬಾಡಿಗೆ. ಕೆಲವು ತಿಂಗಳ ಮುನ್ಸೂಚನೆ ಕೊಟ್ಟು, ಮೊದಲೇ ಗೊತ್ತಾದ ದಂಡ ಕಟ್ಟಿ ಲಾರಿ ಹಿಂದಿರುಗಿಸುವ ಹಕ್ಕು. ಟೈರು ಯಾರದು, ಎಂಜಿನ್ ಕೆಲಸ ಯಾರದು ಎಂಬುದು ಕನ್ನಡದಲ್ಲೇ, ಸಹಿ ಹಾಕುವವನಿಗೆ ಅರ್ಥವಾಗುವಂತೆ ಬರೆದ ಕರಾರು. ಮೊದಲಾದರೆ ಓಡಿದ ಕಿಲೋಮೀಟರಿಗೆ ಸಾಕ್ಷಿ ಎಲ್ಲಿ ಎಂಬ ಪ್ರಶ್ನೆ ಬರುತ್ತಿತ್ತು. 2018ರಿಂದ ಇ-ವೇ ಬಿಲ್ ಇದೆ, 2021ರಿಂದ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿದೆ, ಜಿಪಿಎಸ್ ಅಗ್ಗವಾಗಿದೆ. ಲಾರಿ ಓಡಿದ್ದೂ ನಿಂತದ್ದೂ ಈಗ ಅಡಗಿ ಉಳಿಯುವುದಿಲ್ಲ.

ಇಂಥ ಲೀಸ್ ದುಬಾರಿಯಾಗುತ್ತದೆ, ತನ್ನದಲ್ಲದ ಲಾರಿಯನ್ನು ಚಾಲಕ ಎರ್ರಾಬಿರ್ರಿ ಓಡಿಸುತ್ತಾನೆ ಎಂಬ ಆಕ್ಷೇಪಗಳಲ್ಲಿ ಹುರುಳಿದೆ. ಪಾಲಿನ ಹೊಲದಲ್ಲೂ ಆ ಭಯ ಇದ್ದೇ ಇತ್ತು. ಒಡೆಯ ಬಿತ್ತನೆಗೂ ಸುಗ್ಗಿಗೂ ಬಂದು ನೋಡುತ್ತಿದ್ದ. ಸರ್ವಿಸ್ಸಿನ ಹೊಣೆಯನ್ನು ಲೀಸ್ ಕೊಡುವವರೇ ಇಟ್ಟುಕೊಂಡರೆ ಲಾರಿಯ ಮೇಲೆ ಅವರ ಕಣ್ಣೂ ಇರುತ್ತದೆ. ಬಾಡಿಗೆ ಒಂದಿಷ್ಟು ಹೆಚ್ಚಾದರೆ ಅದು ವಿಮೆಯ ಪ್ರೀಮಿಯಮ್ಮಿನಂತೆ. ಮನೆ, ಹೊಲ ಉಳಿಸಿಕೊಳ್ಳುವ ಪ್ರೀಮಿಯಂ. ಸರ್ಕಾರದ ಪಾಲಿನ ಕೆಲಸವೂ ದೊಡ್ಡದಲ್ಲ. ಕಂತಿನವನಿಗೆ ಕೊಟ್ಟ ಅಂದಾಜು ತೆರಿಗೆಯ ಸೌಲಭ್ಯವನ್ನು ದೀರ್ಘ ಅವಧಿಯ ಲೀಸಿನವನಿಗೂ ಒಂದು ಸಾಲು ಸೇರಿಸಿ ಕೊಡಬಹುದು. ಲೋಡು ಕೊಡುವ ಕಂಪನಿ ತಾನೇ ಲಾರಿಯನ್ನೂ ಲೀಸಿಗೆ ಕೊಟ್ಟರೆ ಅಂಥ ಕರಾರಿಗೆ ಕಟ್ಟುನಿಟ್ಟಿನ ನಿಯಮ ಮಾಡಬಹುದು.

ಅಂಥ ಲೀಸ್ 2009ರ ಹೊಸಪೇಟೆಯಲ್ಲಿ ಇದ್ದಿದ್ದರೆ ಗಣಿ ನಿಲ್ಲುವುದು ತಪ್ಪುತ್ತಿರಲಿಲ್ಲ. ಆದರೆ ನಿಂತ ಲಾರಿಗಳಲ್ಲಿ ಎಷ್ಟೋ, ಲೀಸ್ ಕೊಟ್ಟವರ ಅಂಗಳಕ್ಕೆ ಮರಳುತ್ತಿದ್ದವು. ಅವರು ಅವನ್ನು ಛತ್ತೀಸಗಢಕ್ಕೋ ಗುಜರಾತಿಗೋ ಕಳಿಸಬಲ್ಲವರು. ಸಂಡೂರಿನವನಿಗೆ ಹೋಗಲು ಬೇರೆ ಊರಿರಲಿಲ್ಲ. ಇನ್ನೊಂದೂ ಆಗುತ್ತಿತ್ತು. ಆಗ ಸಾಲ ಕೊಟ್ಟವರು ಪಹಣಿ ನೋಡಿದರು, ಜಾಮೀನುದಾರರನ್ನು ನೋಡಿದರು. ಹಳೆಯ ಲಾರಿಯ ಬೆಲೆ ತಮ್ಮ ತಲೆಗೇ ಬರುತ್ತದೆ ಎಂದಾಗಿದ್ದರೆ ಅವರು ಕೈಗೆ ಕೀಲಿ ಕೊಡುವ ಮೊದಲು ಗಣಿಯ ಪರವಾನಗಿ ನೋಡುತ್ತಿದ್ದರು, ಈ ಅದಿರು ಇದೇ ಬಗೆಯಲ್ಲಿ ಇನ್ನೆಷ್ಟು ವರ್ಷ ಹೊರಬರಲು ಸಾಧ್ಯ ಎಂದು ಕೇಳುತ್ತಿದ್ದರು. 2009ರಲ್ಲಿ ಲಾರಿ ಕೊಳ್ಳಲು ಶೋರೂಮಿನಲ್ಲಿ ಕುಳಿತಿದ್ದವನ ಪರವಾಗಿ ಆ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.